ಕೆರೆ ನೀರಿನ ಪರೀಕ್ಷೆ ಆಗುತ್ತದೆ, ಸುದ್ದಿ ಏರಿಗೆ ಬರುವುದಿಲ್ಲ

ಬೆಂಗಳೂರಿನ ಕೆರೆ ನೀರನ್ನು ಯಾರೂ ಪರೀಕ್ಷಿಸುತ್ತಿಲ್ಲ ಎನ್ನುವ ದೂರಿನಲ್ಲಿ ಹುರುಳಿಲ್ಲ. ಪರೀಕ್ಷೆ ನಡೆಯುತ್ತಿದೆ. ಹೊತ್ತಿಗೆ ಸರಿಯಾಗಿ ತಿಳಿಯುವುದಿಲ್ಲ, ಅಷ್ಟೆ.

ನೀರುಗಂಟಿ ತೂಬು ಎತ್ತುತ್ತಿದ್ದಾಗ ಕೆರೆಯ ಸುದ್ದಿ ಅವನ ಬಾಯಿಂದಲೇ ಅಚ್ಚುಕಟ್ಟಿನ ಹೊಲಗದ್ದೆಗಳಿಗೆ ತಲುಪುತ್ತಿತ್ತು. 1974ರ ಜಲ ಕಾಯ್ದೆಯ ನಂತರ ಅದು ಪ್ರಯೋಗಾಲಯದ ಪಾಲಾಯಿತು. 2002ರಲ್ಲಿ ಕೆರೆಗಳಿಗೊಂದು ಪ್ರಾಧಿಕಾರ, 2014ರಲ್ಲಿ ಹೊಸ ಕಾಯ್ದೆಯಡಿ ಇನ್ನೊಂದು, 2018ರಲ್ಲಿ ಅದೂ ರದ್ದು. ಈ ನಡುವೆ 2015ರಲ್ಲಿ ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿತು, 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನು ಸತ್ತು ತೇಲಿದವು.

ಮಾಲಿನ್ಯ ನಿಯಂತ್ರಣ ಮಂಡಳಿ ತಿಂಗಳಿಗೊಮ್ಮೆ ‘ಎ’ಯಿಂದ ‘ಇ’ವರೆಗೆ ದರ್ಜೆ ಕೊಡುತ್ತದೆ. ‘ಡಿ’ ಎಂದರೆ ಮೀನಿಗೆ ಆದೀತು: ಲೀಟರಿಗೆ ಕನಿಷ್ಠ 4 ಮಿ.ಗ್ರಾಂ ಕರಗಿದ ಆಮ್ಲಜನಕ, ಮುಕ್ತ ಅಮೋನಿಯಾ 1.2ರೊಳಗೆ. ಆದರೆ ಪಾಚಿಗಟ್ಟಿದ ಕೆರೆಯಲ್ಲಿ ಆಮ್ಲಜನಕ ಬಿಸಿಲಿನ ಜೊತೆ ಏರಿ ರಾತ್ರಿಯೆಲ್ಲ ಇಳಿಯುತ್ತದೆ. ಮಧ್ಯಾಹ್ನ 8 ತೋರಿಸುವ ನೀರು ನಸುಕಿನ ಐದಕ್ಕೆ 2ಕ್ಕಿಂತ ಕೆಳಗಿರಬಹುದು. ಮೀನು ಸಾಯುವುದು ಆಗ. ಸೀಸೆ ತುಂಬುವುದು ಕಚೇರಿ ತೆರೆದ ಮೇಲೆ.

ಬಿಒಡಿಗೆ, ಅಂದರೆ ನೀರಿನ ಕೊಳೆ ಎಷ್ಟು ಆಮ್ಲಜನಕ ನುಂಗುತ್ತದೆ ಎಂಬ ಅಳತೆಗೆ, 27 ಡಿಗ್ರಿಯಲ್ಲಿ ಮೂರು ದಿನ ಬೇಕು, ಮಲದ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾಕ್ಕೂ ಕನಿಷ್ಠ ಎರಡು ದಿನ. ಅವು ತಡವಾದರೆ ತಪ್ಪು ಹುಡುಕುವಂತಿಲ್ಲ. ಆಮ್ಲಜನಕಕ್ಕೆ ಆ ನೆಪ ಇಲ್ಲ, ಅದನ್ನು ದಡದಲ್ಲೇ ಅಳೆಯಬಹುದು. 300 ಮಿ.ಲೀ. ಗಾಜಿನ ಸೀಸೆಯನ್ನು ಒಂದಡಿ ಆಳದಲ್ಲಿ, ಗುಳ್ಳೆ ಉಳಿಯದಂತೆ ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್ 2 ಮಿ.ಲೀ., ಕ್ಷಾರೀಯ ಅಯೋಡೈಡ್-ಅಜೈಡ್ 2 ಮಿ.ಲೀ. ಹಾಕಿ, ಬಿರಡೆ ಒತ್ತಿ, ಬುಡಮೇಲು ಮಾಡಿದರೆ ಕಂದು ಗಸಿ ಕಾಣುತ್ತದೆ. ಗಸಿ ಬೆಳ್ಳಗೇ ಉಳಿದರೆ ಆಮ್ಲಜನಕ ಇಲ್ಲವೆಂದೇ ಅರ್ಥ, ಅಂಕಿ ನೋಡಬೇಕಾಗಿಲ್ಲ. ಅಂಕಿ ಬೇಕಿದ್ದರೆ ಕೈಗವಸು ಹಾಕಿ 2 ಮಿ.ಲೀ. ಗಂಧಕಾಮ್ಲ ಬೆರೆಸಿ, 203 ಮಿ.ಲೀ. ಅಳೆದು, ಪಿಷ್ಟ ಹಾಕಿದಾಗ ಮೂಡುವ ನೀಲಿ ಹೋಗುವವರೆಗೆ 0.025 ನಾರ್ಮಲ್ ಥಯೋಸಲ್ಫೇಟ್ ಬಿಡಬೇಕು. ಖರ್ಚಾದ ಒಂದೊಂದು ಮಿ.ಲೀ.ಗೆ ಲೀಟರಿಗೆ 1 ಮಿ.ಗ್ರಾಂ ಲೆಕ್ಕ. ಎಡವುವುದು ಸಾಮಾನ್ಯವಾಗಿ ಕೋಡಿಯ ಬಳಿ: ಧುಮುಕುವ ನೀರಿಗೆ ಗಾಳಿ ಬೆರೆತು ಕೆಟ್ಟ ಕೆರೆಯೂ ಆರೋಗ್ಯವಾಗಿ ಕಾಣುತ್ತದೆ.

ಬೇಸಿಗೆಯ ಮೊದಲ ಮಳೆಗೆ ರಾಜಕಾಲುವೆಯ ತಿಂಗಳುಗಟ್ಟಲೆಯ ಹೂಳು ಒಂದೇ ಸಲ ಕೆರೆಗೆ ನುಗ್ಗುತ್ತದೆ. ಮರುದಿನ ನಸುಕಿನ ಅಂಕಿ ಗೇಟಿನ ಫಲಕದಲ್ಲಿದ್ದರೆ ಮೀನಿನ ಗುತ್ತಿಗೆದಾರ ಅಂದೇ ಬಲೆ ಬೀಸಿಯಾನು, ಹುಲ್ಲು ಕೊಯ್ಯುವವರು ಕಾಲುವೆ ಬಾಯಿಯಿಂದ ದೂರ ಸರಿದಾರು. ಫಲಕದಲ್ಲಿ ಸದ್ಯಕ್ಕೆ ತೆರೆಯುವ ವೇಳೆಯಿದೆ, ನಾಯಿ ತರಬೇಡಿ ಎಂಬ ಸೂಚನೆಯಿದೆ. ಇನ್ನೆರಡು ಸಾಲಿಗೆ ಜಾಗವೂ ಇದೆ: ಮಾದರಿ ತೆಗೆದ ಸ್ಥಳ ಮತ್ತು ಗಂಟೆ, ಆಮ್ಲಜನಕ ಎಷ್ಟು.