ಒಂದೇ ಕ್ಯಾಂಪ್, ಎರಡು ಸಾಲು

ಗಂಗಾವತಿಯ ಒಂದು ರೈಸ್ ಮಿಲ್‌ಗೆ ನಾನು ಪೈಥಾನ್‌ನಲ್ಲಿ ಕಾಟಾ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಟ್ರ್ಯಾಕ್ಟರ್ ತೂಕ, 75 ಕೆಜಿ ಚೀಲದ ಲೆಕ್ಕ, ರೈತರ ಹೆಸರು, ಊರು ಎಲ್ಲ ಅದರಲ್ಲೇ. ಸುಗ್ಗಿ ಜೋರಿದ್ದಾಗ ಅಲ್ಲಿನ ಗುಮಾಸ್ತರು ಫೋನ್ ಮಾಡಿದರು. “ಸರ್, ಊರುವಾರು ಪಟ್ಟಿಯಾಗ ಒಂದ ಕ್ಯಾಂಪ್ ಎರಡ ಸಲ ಬಂದೈತಿ ನೋಡ್ರಿ.”

ತುಂಗಭದ್ರಾ ಎಡದಂಡೆ ಕಾಲುವೆ ಸೀಮೆಯಲ್ಲಿ ‘ಕ್ಯಾಂಪ್’ ಎಂದು ಮುಗಿಯುವ ಊರುಗಳು ಬಹಳ. ಪಟ್ಟಿಯಲ್ಲಿದ್ದ ಎರಡೂ ಸಾಲುಗಳ ಹೆಸರು ಕಣ್ಣಿಗೆ ಒಂದೇ. ಭತ್ತದ ಒಟ್ಟು ಮಾತ್ರ ಎರಡು ಪಾಲಾಗಿತ್ತು. ಕೋಡ್‌ನಲ್ಲಿ ಪ್ರಿಂಟ್ ಹಾಕಿ ನೋಡಿದೆ, ಆಗಲೂ ಒಂದೇ. ಖಾಲಿ ಜಾಗ ತೆಗೆಯುವ ಸ್ಟ್ರಿಪ್ ಮೊದಲೇ ಹಾಕಿದ್ದೆ.

ಕೊಪ್ಪಳದಿಂದಲೇ ಎಸ್‌ಎಸ್‌ಎಚ್ ಮೂಲಕ ಮಿಲ್‌ನ ಕಂಪ್ಯೂಟರ್‌ಗೆ ಹೋಗಿ ಪಿಡಿಬಿ ತೆರೆದೆ. ಪೈಥಾನ್ ಜೊತೆಗೇ ಬರುವ ಕಮಾಂಡ್‌ಲೈನ್ ಡಿಬಗರ್, ಅಂದರೆ ಪ್ರೋಗ್ರಾಂನ ತಪ್ಪು ಹುಡುಕುವ ಸಾಧನ, ಇದು. ಕಿಟಕಿ, ಬಟನ್ ಏನೂ ಇಲ್ಲ. ನೆಟ್ ನಿಧಾನವಿದ್ದರೂ ಕೆಲಸ ನಡೆಯುತ್ತದೆ. ಸಾವಿರಾರು ಚೀಟಿಗಳನ್ನು ಒಂದೊಂದಾಗಿ ದಾಟುವುದು ಆಗದ ಮಾತು. ಅದಕ್ಕೇ ಪ್ರೋಗ್ರಾಂ ಎಲ್ಲಿ ನಿಲ್ಲಬೇಕೆಂದು ಹೇಳುವ ಬ್ರೇಕ್‌ಪಾಯಿಂಟ್‌ಗೆ ಒಂದು ಷರತ್ತು ಕೊಟ್ಟೆ: ಹೆಸರು ಈ ಕ್ಯಾಂಪ್‌ನ ಹೆಸರಿನಿಂದಲೇ ಶುರುವಾಗಿದ್ದು, ಲೆಕ್ಕದಲ್ಲಿ ಹೊಸದಾಗಿ ಸೇರುತ್ತಿದ್ದರೆ ಮಾತ್ರ ನಿಲ್ಲು. ಎರಡೇ ಸಲ ನಿಂತಿತು. ಮೊದಲ ಸಲ, ಒಳಗಿನ ಬೆಲೆ ಇದ್ದ ಹಾಗೆ ತೋರಿಸುವ ‘ಪಿ’ ಕಮಾಂಡ್ ಕೊಟ್ಟಾಗ ಸಾದಾ ಹೆಸರು. ಎರಡನೇ ಸಲ ಅದೇ ಹೆಸರಿನ ಬಾಲಕ್ಕೆ ‘ಯು200ಸಿ’ ಎಂಬ ಗುರುತು ಅಂಟಿಕೊಂಡಿತ್ತು.

ಇದು ಯೂನಿಕೋಡ್‌ನ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ) ಕಣ್ಣಿಗೆ ಕಾಣದ ಅಕ್ಷರ. ‘ರಾಜ್‌ಕುಮಾರ್’ ಎಂಬಲ್ಲಿ ಒತ್ತಕ್ಷರ ಆಗದಂತೆ ತಡೆಯುವುದು ಇದೇ. ಕೆಲವು ಕೀಬೋರ್ಡ್‌ಗಳಲ್ಲಿ ಟೈಪ್ ಮಾಡಿದಾಗ ಪದದ ಕೊನೆಗೂ ಸೇರಿಬಿಡುತ್ತದೆ. ಸ್ಟ್ರಿಪ್‌ಗೆ ಇದು ಖಾಲಿ ಜಾಗ ಅಲ್ಲ, ಹಾಗಾಗಿ ಮುಟ್ಟುವುದಿಲ್ಲ. ಪ್ರಿಂಟ್ ಇದನ್ನು ತೋರಿಸುವುದಿಲ್ಲ, ‘ಪಿ’ ತೋರಿಸುತ್ತದೆ. ಹಾಗಂತ ಎಲ್ಲ ಕಡೆಯಿಂದ ಅಳಿಸಿಹಾಕಬೇಡಿ, ಜನರ ಹೆಸರೇ ಕೆಡುತ್ತದೆ. ನಾನು ಪದದ ಕೊನೆಯಲ್ಲಿದ್ದದ್ದನ್ನು ಮಾತ್ರ ತೆಗೆದೆ.

ಪಿಡಿಬಿ ಹಳೆಯದು, ಅಲ್ವಾ ಎಂದು ಕೇಳುವವರಿದ್ದಾರೆ. ಈಚಿನ ಆವೃತ್ತಿಗಳನ್ನು ಒಮ್ಮೆ ನೋಡಿ. ಮೊದಲು ಕೋಡ್‌ನಲ್ಲಿ ಬ್ರೇಕ್‌ಪಾಯಿಂಟ್ ಎಂದು ಬರೆದರೆ ಅದರ ಮುಂದಿನ ಸಾಲಿನಲ್ಲಿ ನಿಲ್ಲುತ್ತಿತ್ತು. ಷರತ್ತು ಹಾಕುವ ‘ಇಫ್’ ಒಳಗಿನ ಕೊನೆ ಸಾಲಿನಲ್ಲಿ ಬರೆದರೆ ‘ಇಫ್’ ಹೊರಗೆ ಹೋಗಿ ನಿಲ್ಲುತ್ತಿತ್ತು. ಹೊಸಬರಿಗೆ ಸುಮ್ನೆ ತಲೆಬಿಸಿ. 2024ರಲ್ಲಿ ಬಂದ ಪೈಥಾನ್ 3.13ರಿಂದ ಬರೆದ ಸಾಲಿನಲ್ಲೇ ನಿಲ್ಲುತ್ತದೆ. ಚಿಕ್ಕ ಬದಲಾವಣೆ, ಆದರೆ ಕಲಿಸುವಾಗ ನನಗೆ ಬಹಳ ನೆರವಾಗಿದೆ.

2025ರ 3.14ರಲ್ಲಿ ಬಂದದ್ದು ಇನ್ನೂ ದೊಡ್ಡದು. ಓಡುತ್ತಿರುವ ಪ್ರೋಗ್ರಾಂನ ಪ್ರೊಸೆಸ್ ನಂಬರ್ (ಅದಕ್ಕೆ ಕಂಪ್ಯೂಟರ್ ಕೊಟ್ಟ ಗುರುತಿನ ಸಂಖ್ಯೆ) ಕೊಟ್ಟು ಪಿಡಿಬಿಯನ್ನು ಅದಕ್ಕೇ ಜೋಡಿಸಬಹುದು. ಪಿಡಿಬಿ, ಪ್ರೋಗ್ರಾಂ ಎರಡೂ ಕಡೆ 3.14 ಬೇಕು, ಸಾಮಾನ್ಯವಾಗಿ ಅಡ್ಮಿನ್ ಅನುಮತಿಯೂ ಬೇಕು. ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲು ನಿಂತಿರುವಾಗ ಕಾಟಾ ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆಯಿರಿ ಎಂದು ಗುಮಾಸ್ತರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಇನ್ನು ಹಾಗೆ ಹೇಳಬೇಕಿಲ್ಲ. ಆದರೆ ಒಂದು ಮಾತು. ಪ್ರೋಗ್ರಾಂ ಕಾಟಾದಿಂದ ತೂಕ ಬರಲಿ ಎಂದು ಕಾಯುತ್ತಾ ಕೂತಿದ್ದರೆ ಪಿಡಿಬಿಯೂ ಕಾಯಬೇಕು. ಮುಂದಿನ ಟ್ರ್ಯಾಕ್ಟರ್ ಹತ್ತಿ ತೂಕ ಬಂದ ಮೇಲೇ ಒಳಗೆ ಹೋಗುತ್ತದೆ. ಹೋದ ಮೇಲೆ ಪ್ರೋಗ್ರಾಂ ಅಲ್ಲೇ ನಿಂತಿರುತ್ತದೆ. ಹಾಗಾಗಿ ಏನು ನೋಡಬೇಕೆಂದು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡು, ಬೇಗ ನೋಡಿ, ‘ಸಿ’ ಒತ್ತಿ ಮುಂದೆ ಬಿಡಿ.

ಒಂದು ಕೊರತೆ ಇದೆ. ದಾಟಿದ ಸಾಲಿಗೆ ಹಿಂದೆ ಹೋಗಿ ಆಗ ತೂಕ ಎಷ್ಟಿತ್ತು ಎಂದು ನೋಡಲು ಪಿಡಿಬಿಯಲ್ಲಿ ಆಗುವುದಿಲ್ಲ. ಸಿ ಭಾಷೆಯವರು ಬಳಸುವ ಜಿಡಿಬಿ ಡಿಬಗರ್‌ನಲ್ಲಿ 2009ರಿಂದಲೇ ಹಿಂದಕ್ಕೆ ಹೋಗುವ ದಾರಿ ಇದೆ. ನಮಗೂ ಅದು ಬರಬೇಕು.

ಇಲ್ಲದ್ದರಲ್ಲಿ ಕೆಲವನ್ನು ನಾವೇ ಸೇರಿಸಿಕೊಳ್ಳಬಹುದು. ಹೋಮ್ ಫೋಲ್ಡರ್‌ನಲ್ಲಿ ಪಿಡಿಬಿಆರ್‌ಸಿ (ಮುಂದೆ ಒಂದು ಚುಕ್ಕಿ ಇಟ್ಟು .pdbrc) ಎಂಬ ಫೈಲ್ ಇಟ್ಟರೆ ಡಿಬಗರ್ ತೆರೆದ ಕೂಡಲೇ ಅದನ್ನು ಓದುತ್ತದೆ. ಆ ಫೈಲ್‌ನಲ್ಲಿ ‘ಅಲಿಯಾಸ್’ ಬಳಸಿ ಒಂದು ಹೊಸ ಕಮಾಂಡ್ ಕಟ್ಟಿಟ್ಟಿದ್ದೇನೆ. ಯಾವ ಹೆಸರು ಕೊಟ್ಟರೂ ಅದರ ಪ್ರತಿ ಅಕ್ಷರದ ಯೂನಿಕೋಡ್ ಸಂಖ್ಯೆ ಸಾಲಾಗಿ ಬರುತ್ತದೆ. ಕನ್ನಡದ ಹೆಸರು, ಊರು ಇರುವ ಡೇಟಾ ಜೊತೆ ಕೆಲಸ ಮಾಡುವವರು ಇಂಥದ್ದೊಂದು ಇಟ್ಟುಕೊಳ್ಳಿ. ಒಂದೇ ಸಾಲಿನ ಕೆಲಸ.