‘ಬೇಕಂತ ಮಾಡಿದ್ದಲ್ಲ’ ಎಂಬ ಮಾತು ದಾಖಲೆಗೆ ಬಂದಾಗ

ತುಮಕೂರಿನ ನ್ಯಾಯಾಲಯದಲ್ಲಿ ಮೋಟಾರು ಅಪಘಾತ ಪರಿಹಾರದ ಅರ್ಜಿಗಳನ್ನು ನಡೆಸುವ ನನಗೆ ಕಾನೂನಿಗಿಂತ ಹೆಚ್ಚು ಕಷ್ಟ ಕೊಟ್ಟಿರುವುದು ಕಕ್ಷಿದಾರರು ಮೊದಲ ದಿನ ಆಡಿಬಿಟ್ಟ ಮಾತುಗಳು. ಕೆಲವು ವರ್ಷಗಳ ಹಿಂದೆ ಗುಬ್ಬಿ ಕಡೆಯ ರೈತರೊಬ್ಬರು ಡೇರಿಗೆ ಹಾಲು ಹಾಕಿ ಬೈಕಿನಲ್ಲಿ ಮರಳುತ್ತಿದ್ದಾಗ, ತೋಟದ ದಾರಿಯಿಂದ ರಸ್ತೆಗೆ ನುಗ್ಗಿದ ಗೂಡ್ಸ್ ಆಟೊ ಗುದ್ದಿ ಅವರ ತೊಡೆಯ ಮೂಳೆ ಮುರಿದಿತ್ತು. ಆಟೊ ಓಡಿಸುತ್ತಿದ್ದವನು ದಾಯಾದಿಯ ಮಗ. ಹೇಗಾಯಿತೆಂದು ಆಸ್ಪತ್ರೆಯಲ್ಲಿ ಕೇಳಿದಾಗ ಇವರ ಮಗ ‘ಗಾಡಿಯಿಂದ ಬಿದ್ದರು’ ಎಂದ. ವೈದ್ಯರು ಹಾಗೆಯೇ ಬರೆದುಕೊಂಡರು. ಶಸ್ತ್ರಚಿಕಿತ್ಸೆಯ ಖರ್ಚು ಕೈಮೀರಿದ ಮೇಲೆ, ಹನ್ನೊಂದನೆಯ ದಿನ, ಠಾಣೆಯಲ್ಲಿ ದೂರು ಕೊಟ್ಟು ನನ್ನ ಬಳಿ ಬಂದರು. ಮೊದಲೇ ಏಕೆ ನಿಜ ಹೇಳಲಿಲ್ಲ ಎಂದು ಕೇಳಿದೆ. ‘ಅವ್ನೇನು ಬೇಕಂತ ಗುದ್ದಿದ್ದಲ್ಲ ಸಾರ್, ನಮ್ಮ ಹುಡ್ಗನೇ. ಗ್ರಾಚಾರ, ಆಗೋಯ್ತು’ ಎಂದ ಮಗ. ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಆಸ್ಪತ್ರೆಯ ಆ ಒಂದು ಸಾಲನ್ನು ಓದಿದರು. ಅರ್ಜಿ ವಜಾ ಆಯಿತು.

ನಮ್ಮ ಆಡುನುಡಿಯಲ್ಲಿ ಕೇಡಿಗೆ ಇರುವುದು ಎರಡೇ ಬಗೆ: ಬೇಕಂತ ಮಾಡಿದ್ದು, ಬೇಕಂತ ಮಾಡದ್ದು. ಎರಡನೆಯದಕ್ಕೆ ಪದಗಳ ಕೊರತೆಯಿಲ್ಲ. ಆದರೆ ಕೈತಪ್ಪು, ಎಡವಟ್ಟು, ಅವಘಡ, ಗ್ರಹಚಾರ ಎಂದು ಸಾಲಾಗಿ ಹೇಳಿಕೊಂಡು ಹೋದರೆ ಪ್ರತಿ ಪದಕ್ಕೂ ಮಾಡಿದವನು ಒಂದೊಂದು ಹೆಜ್ಜೆ ಹಿಂದೆ ಸರಿಯುವುದು ಕಾಣುತ್ತದೆ. ಕೈತಪ್ಪಿನಲ್ಲಿ ಇನ್ನೂ ಒಂದು ಕೈ ಇದೆ, ಎಡವಟ್ಟನ್ನು ಯಾರೋ ಮಾಡಿರುತ್ತಾರೆ. ಅವಘಡವನ್ನು ಯಾರೂ ಮಾಡುವುದಿಲ್ಲ, ಅದು ತಾನಾಗಿ ಆಗುತ್ತದೆ. ಗ್ರಹಚಾರದ ಹೊತ್ತಿಗೆ ಹೊಣೆ ಆಕಾಶಕ್ಕೇ ಏರಿರುತ್ತದೆ. ನಾಳೆಯೂ ಒಂದೇ ಬೀದಿಯಲ್ಲಿ ಬದುಕಬೇಕಾದವರಿಗೆ ಈ ಜಾರುವಿಕೆ ಬೇಕೇ ಬೇಕು, ಅದನ್ನು ನಾನು ಹಳಿಯುವುದಿಲ್ಲ.

ಕಾನೂನು ಮಾತ್ರ ಈ ಎರಡರ ನಡುವೆ ಮೂರನೆಯದೊಂದನ್ನು ಇಟ್ಟಿದೆ. 1860ರ ಭಾರತೀಯ ದಂಡ ಸಂಹಿತೆಯ 80ನೆಯ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 18ನೆಯ ಕಲಂ ಆಗಿ ಉಳಿದುಕೊಂಡಿದ್ದು, ಅದರೊಂದಿಗೆ ಹಳೆಯ ಉದಾಹರಣೆಯೂ ಹಾಗೆಯೇ ಬಂದಿದೆ: ಒಬ್ಬ ಕೊಡಲಿಯಿಂದ ಕೆಲಸ ಮಾಡುತ್ತಿರುವಾಗ ಅದರ ತಲೆ ಕಳಚಿ ಹಾರಿ ಪಕ್ಕದಲ್ಲಿ ನಿಂತವನು ಸತ್ತರೆ, ಆತ ತಕ್ಕ ಎಚ್ಚರ ವಹಿಸಿದ್ದಲ್ಲಿ ಅದು ಅಪರಾಧವಲ್ಲ. ಇಡೀ ತೂಕ ನಿಂತಿರುವುದು ಆ ‘ತಕ್ಕ ಎಚ್ಚರ’ದ ಮೇಲೆ. ಕಾವು ಸಡಿಲವಾಗಿದೆ ಎಂದು ಬೆಳಗ್ಗೆಯೇ ಗೊತ್ತಿದ್ದೂ ಬೆಣೆ ಹೊಡೆಯದೆ ಕೊಡಲಿ ಎತ್ತಿದವನಿಗೆ ಯಾರನ್ನೂ ಕೊಲ್ಲುವ ಮನಸ್ಸಿರಲಿಲ್ಲ, ನಿಜ. ಆದರೂ ಅದು ಬರೀ ಆಕಸ್ಮಿಕವಲ್ಲ, ನಿರ್ಲಕ್ಷ್ಯ. ನಿರ್ಲಕ್ಷ್ಯದಿಂದ ಸಾವಾದರೆ ಹಿಂದಿನ 304ಎ ಕಲಂನಲ್ಲಿ ಎರಡು ವರ್ಷದವರೆಗೆ ಶಿಕ್ಷೆಯಿತ್ತು, ಈಗಿನ 106ನೆಯ ಕಲಂನಲ್ಲಿ ಐದು ವರ್ಷದವರೆಗೆ ಇದೆ. ನಮ್ಮ ಪೊಲೀಸರ ಪ್ರಥಮ ವರ್ತಮಾನ ವರದಿಗಳಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು’ ಎಂಬ ಸಾಲು ಮಂತ್ರದಂತೆ ಮರುಕಳಿಸುತ್ತದೆ. ಅದನ್ನು ಓದಿಸಿದಾಗ ಎಷ್ಟೋ ಜನ, ಪಾಪ ಹಾಗೆಲ್ಲ ಬರೆಸಬೇಡಿ ಎನ್ನುತ್ತಾರೆ. ಜಾಗರೂಕ ಎಂದರೆ ಎಚ್ಚರವಾಗಿರುವವನು ಎಂದಷ್ಟೇ ಅರ್ಥ. ಅಜಾಗರೂಕತೆ ಎಂದು ಬರೆಸಿದವರು ಯಾರ ಮೇಲೂ ದ್ವೇಷದ ಆರೋಪ ಹೊರಿಸಿದಂತಾಗುವುದಿಲ್ಲ.

ಕ್ರಿಮಿನಲ್ ಮೊಕದ್ದಮೆಯ ಅಂಜಿಕೆ ಸುಳ್ಳಲ್ಲ. ತೀವ್ರ ಗಾಯದ ಪ್ರಕರಣದಲ್ಲಿ ನ್ಯಾಯ ಸಂಹಿತೆಯ 125ನೆಯ ಕಲಂ ಮೂರು ವರ್ಷದವರೆಗಿನ ಶಿಕ್ಷೆಯನ್ನು ಹೇಳುತ್ತದೆ, ಬರೀ ಜುಲ್ಮಾನೆಯಲ್ಲಿ ಮುಗಿಯಲೂ ಅವಕಾಶವಿದೆ. ಆದರೆ ಪರಿಹಾರದ ಹಣ ಬೇರೆಯೇ ಕಡೆಯಿಂದ ಬರುತ್ತದೆ. 1988ರ ಮೋಟಾರು ವಾಹನಗಳ ಕಾಯ್ದೆಯ ಪ್ರಕಾರ ರಸ್ತೆಗಿಳಿಯುವ ವಾಹನಕ್ಕೆ ಮೂರನೆಯವರ ಹಾನಿಯ ವಿಮೆ ಕಡ್ಡಾಯವಾಗಿದ್ದು, ವಿಮೆ ಮತ್ತು ಚಾಲನಾ ಪರವಾನಗಿ ಸರಿಯಿದ್ದಲ್ಲಿ ಹಣ ಕೊಡುವುದು ಕಂಪನಿಯೇ. ಗುಬ್ಬಿಯ ಆ ಮಗ ದಾಯಾದಿಯ ಹುಡುಗನನ್ನು ಕಾಪಾಡಿದೆನೆಂದುಕೊಂಡಿದ್ದ. ಅವನ ಮಾತು ಕಾಪಾಡಿದ್ದು ವಿಮಾ ಕಂಪನಿಯನ್ನು. ಆಸ್ಪತ್ರೆಯಲ್ಲಿ ಕಲಂಗಳನ್ನು ಹೇಳಬೇಕಾಗಿಲ್ಲ, ತಪ್ಪು ಯಾರದೆಂದು ತೀರ್ಪು ಕೊಡಬೇಕಾಗಿಯೂ ಇಲ್ಲ. ಯಾವ ಗಾಡಿ, ಯಾವ ಕಡೆಯಿಂದ ಬಂದು, ಎಲ್ಲಿ ಗುದ್ದಿತು ಎಂದು ನಡೆದದ್ದನ್ನು ಹೇಳಿದರೆ ಸಾಕು.

ಇನ್ನು ಪೆಟ್ಟು ತಿಂದವರನ್ನು ಏನೆಂದು ಕರೆಯಬೇಕು? ‘ಅಪಘಾತಕ್ಕೆ ಬಲಿಪಶು’ ಎಂದು ಬರೆಯುವುದು ರೂಢಿಯಾಗಿದೆ, ಆದರೆ ಬಲಿ ಎಂದ ಮೇಲೆ ಕೊಡುವವನೊಬ್ಬ ಬೇಕು, ಅವನಿಗೊಂದು ಹರಕೆಯೂ ಇರಬೇಕು. ಯಾರೂ ಬಯಸದೆ ಆದ ಕೇಡಿಗೆ ಆ ಪದ ಸಲ್ಲದು. ಸರ್ಕಾರಿ ಕನ್ನಡದ ‘ಸಂತ್ರಸ್ತ’ ಹುಟ್ಟಿರುವುದು ಸಂಸ್ಕೃತದ ‘ತ್ರಸ್’ ಧಾತುವಿನಿಂದ. ಅದರ ಮೂಲ ಅರ್ಥ ಹೆದರಿದವನು, ನಡುಗಿದವನು. ಹೆದ್ದಾರಿ ದಾಟುವಾಗ ಪೆಟ್ಟು ತಿಂದು ಬಂದವರ ಕೈ ನಡುಗುವುದನ್ನು ನೋಡಿರುವ ನನಗೆ ಆ ಪದ ಪೂರ್ತಿ ತಪ್ಪೆನಿಸುವುದಿಲ್ಲ, ಆದರೆ ಹಳ್ಳಿಯ ಅರ್ಜಿದಾರರಿಗೆ ಅದು ತಮ್ಮನ್ನೇ ಕುರಿತದ್ದೆಂದು ಹೊಳೆಯುವುದಿಲ್ಲ. ಅರ್ಜಿಯಲ್ಲಿ ನಾನು ‘ಗಾಯಾಳು’ ಎಂದು, ಸಾವಾಗಿದ್ದರೆ ‘ಅವಲಂಬಿತರು’ ಎಂದು ಬರೆಯುತ್ತೇನೆ.

ಅವಲಂಬಿತರು ಎಂಬ ಪದಕ್ಕೂ ಒಂದು ತೊಡಕಿದೆ. ಮೃತಪಟ್ಟವರು ಮನೆಯ ಹೆಂಗಸಾಗಿದ್ದರೆ, ಉದ್ಯೋಗದ ಕಾಲಂ ತುಂಬುವಾಗ ಗಂಡನೋ ಮಗನೋ ‘ಏನೂ ಇಲ್ಲ ಸಾರ್, ಮನೇಲೇ ಇದ್ರು’ ಎನ್ನುತ್ತಾರೆ. ಗೃಹಿಣಿಯ ದುಡಿಮೆಗೂ ಆದಾಯದ ಲೆಕ್ಕ ಕಟ್ಟಿ ಪರಿಹಾರ ನಿಗದಿ ಮಾಡಬೇಕೆಂದು ಸುಪ್ರೀಂ ಕೋರ್ಟ್ 2021ರ ಕೀರ್ತಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಈಗ ನಾನು ಉದ್ಯೋಗವೇನೆಂದು ಕೇಳುವುದನ್ನು ಬಿಟ್ಟು, ಅವರು ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತಿದ್ದರು, ಎಷ್ಟು ಹಸು ಕರೆಯುತ್ತಿದ್ದರು, ಹುಣಸೆಹಣ್ಣು ಬಿಡಿಸಲು, ಅಡಿಕೆ ಸುಲಿಯಲು ಯಾರ ಮನೆಗೆ ಹೋಗುತ್ತಿದ್ದರು ಎಂದು ಒಂದೊಂದಾಗಿ ಕೇಳುತ್ತೇನೆ. ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಉತ್ತರ ಬರುವುದು ಸಾಮಾನ್ಯವಾಗಿ ಹಿಂದೆ ನಿಂತ ಮಗಳಿಂದ.