ಲಾಗ್ ಖಾಲಿ ಇದೆ ಎಂದು ಸಂತೋಷಪಡುವವರಿಗೆ

"ಲಾಗ್ ಖಾಲಿ ಐತ್ರಿ ಸರ್, ಅಂದ್ರ ಬ್ಯಾಕಪ್ ಚಲೋ ಆಗೇತಿ." ಬಾಗಲಕೋಟೆ ಸುತ್ತಲಿನ ಕಚೇರಿ, ಕಾರ್ಖಾನೆಗಳ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವ ನನಗೆ ಈ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಲಾಗ್ ಎಂದರೆ ಕೆಲಸದ ವರದಿ ಬರೆದಿಡುವ ಫೈಲು. ನಿಗದಿತ ಹೊತ್ತಿಗೆ ತಾನಾಗಿ ಕೆಲಸ ನಡೆಸುವ ಕ್ರಾನ್‌ನಲ್ಲಿರುವ ಸಾಲನ್ನು ಓದಿ ಹೇಳಿ ಎಂದರೆ ಅದರ ಕೊನೆ ಸಾಮಾನ್ಯವಾಗಿ ಹೀಗಿರುತ್ತದೆ: 2>&1 >ಲಾಗ್.

ಆದೇಶವೊಂದರಿಂದ 1ರ ದಾರಿಯಲ್ಲಿ ಫಲಿತಾಂಶ, 2ರ ದಾರಿಯಲ್ಲಿ ದೋಷದ ಸಂದೇಶ ಹೊರಡುತ್ತದೆ; ಬಾಣದಂಥ ಗುರುತು ಅದನ್ನು ಬೇರೆಡೆಗೆ ತಿರುಗಿಸುತ್ತದೆ. ಎಡವುವುದು 2>&1 ಎಂಬುದರ ಅರ್ಥದಲ್ಲಿ. ಎರಡನ್ನು ಒಂದಕ್ಕೆ ಕಟ್ಟಿಬಿಟ್ಟೆ, ಇನ್ನು ಒಂದು ಹೋದಲ್ಲೆಲ್ಲ ಎರಡೂ ಹೋಗುತ್ತದೆ ಎಂದು ಜನ ತಿಳಿಯುತ್ತಾರೆ. ಆದರೆ ಆದೇಶಗಳನ್ನು ಓದಿ ನಡೆಸುವ ಶೆಲ್ ಎಡದಿಂದ ಬಲಕ್ಕೆ ಓದುತ್ತ, ಆ ಕ್ಷಣದಲ್ಲಿ 1 ಎಲ್ಲಿಗೆ ಹೋಗುತ್ತಿದೆಯೋ ಆ ವಿಳಾಸವನ್ನಷ್ಟೇ 2ಕ್ಕೆ ಬರೆದುಕೊಡುತ್ತದೆ. ಆಲಮಟ್ಟಿಯ ಹಿನ್ನೀರಿನಿಂದಾಗಿ ಹಳೇ ಬಾಗಲಕೋಟೆ ಬಿಟ್ಟು ನವನಗರಕ್ಕೆ ಹೋದವರನ್ನು ನೆನೆಸಿಕೊಳ್ಳಿ: ಅವರು ಮನೆ ಬದಲಿಸುವ ಮೊದಲೇ ವಿಳಾಸ ಬರೆದುಕೊಂಡ ನೆಂಟರ ಪತ್ರ ಹಳೇ ಓಣಿಗೇ ಹೋಗುತ್ತದೆ, ಸೆಕ್ಟರ್ ನಂಬರ್ ಸಿಕ್ಕ ಮೇಲೆ ಬರೆದುಕೊಂಡವರದು ಮಾತ್ರ ಹೊಸ ಮನೆ ಮುಟ್ಟುತ್ತದೆ. ಆದ್ದರಿಂದ ಮೊದಲು ಮನೆ ಬದಲಿಸಿ, ಆಮೇಲೆ ವಿಳಾಸ ಕೊಡಿ: >ಲಾಗ್ 2>&1.

ಕಬ್ಬು ನುರಿಸುವ ಹಂಗಾಮಿನಲ್ಲಿ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಗಾಡಿ ತೂಗುವ ವೇಬ್ರಿಜ್ ಲೆಕ್ಕವನ್ನು ಪ್ರತಿ ರಾತ್ರಿ ಬೇರೊಂದು ಡಿಸ್ಕಿಗೆ ನಕಲು ಮಾಡಲಾಗುತ್ತಿತ್ತು. ಲಾಗ್ ಖಾಲಿಯಾಗಿತ್ತು, ಎಲ್ಲರೂ ನೆಮ್ಮದಿಯಾಗಿದ್ದರು. ಫೈಲಿಗೆ ಹೋಗದೆ ಹೊರಬಂದದ್ದನ್ನು ಕ್ರಾನ್ ಅದೇ ಯಂತ್ರದ ಒಳಗಿನ ಅಂಚೆಪೆಟ್ಟಿಗೆಗೆ ಹಾಕುತ್ತದೆಯಲ್ಲ, ಅದನ್ನು ತೆರೆದು ನೋಡಿದರೆ 19 ಪತ್ರಗಳಿದ್ದವು. ಪ್ರತಿಯೊಂದರಲ್ಲೂ ಡಿಸ್ಕಿನಲ್ಲಿ ಜಾಗವಿಲ್ಲ ಎಂಬ ಒಂದೇ ಗೋಳು. ಅಲ್ಲಿನ ಗುಮಾಸ್ತರು ಪಾಪ, ಯಂತ್ರದೊಳಗೂ ಅಂಚೆ ಬರುತ್ತದೆ ಎಂದು ಅಂದೇ ಕೇಳಿದ್ದು.

ವಿಚಿತ್ರವೆಂದರೆ, ಈ ತಲೆಕೆಳಗಾದ ಕ್ರಮಕ್ಕೂ ಒಂದು ಉಪಯೋಗವಿದೆ. ಸಾಲಿನಲ್ಲಿ ಪೈಪ್, ಅಂದರೆ ಒಂದು ಆದೇಶದ ಫಲಿತಾಂಶವನ್ನು ಮುಂದಿನದಕ್ಕೆ ಹರಿಸುವ | ಗುರುತು, ಇದ್ದರೆ ಶೆಲ್ ಅದನ್ನು ಉಳಿದೆಲ್ಲಕ್ಕಿಂತ ಮೊದಲೇ ಜೋಡಿಸಿರುತ್ತದೆ; ಹಾಗಾಗಿ 2>&1 >ಲಾಗ್ | ಎಂದು ಬರೆದರೆ ಫಲಿತಾಂಶ ಫೈಲಿಗೆ ಹೋಗಿ, ದೋಷಗಳು ಮಾತ್ರ ಪೈಪಿನೊಳಗೆ ಹರಿಯುತ್ತವೆ. ಸಾವಿರಾರು ಸಾಲುಗಳ ನಡುವೆ ದೋಷಗಳನ್ನಷ್ಟೇ ಎಣಿಸಲು ನಾನು ಬಳಸುವುದು ಇದನ್ನೇ.

ಬ್ಯಾಶ್ ಎಂಬ ಶೆಲ್‌ನಲ್ಲಿ &> ಎಂಬ, ಎರಡನ್ನೂ ಒಟ್ಟಿಗೆ ಫೈಲಿಗೆ ಕಳಿಸುವ ಒಳದಾರಿ ಇರುವಾಗ ಇಷ್ಟು ತಲೆನೋವೇಕೆ ಎಂದು ಹುಡುಗರು ಕೇಳುತ್ತಾರೆ. ಕೂತು ಟೈಪ್ ಮಾಡುವಾಗ ಬಳಸಲಿ, ನನ್ನ ಅಭ್ಯಂತರವಿಲ್ಲ. ಕ್ರಾನ್ ಮಾತ್ರ ಬೇರೆ ಏರ್ಪಾಡು ಮಾಡದಿದ್ದರೆ ಮೂಲ ಶೆಲ್ ಅನ್ನೇ ಕರೆಯುತ್ತದೆ. ಉಬುಂಟು ಎಂಬ ಲಿನಕ್ಸ್‌ನಲ್ಲಿ ಅದು 2006ರಿಂದ ಡ್ಯಾಶ್ ಎಂಬ ಇನ್ನೊಂದು ಶೆಲ್. ಡ್ಯಾಶ್ ಆ ಗುರುತನ್ನು ಎರಡಾಗಿ ಒಡೆದು, ಕೆಲಸವನ್ನು ಹಿನ್ನೆಲೆಗೆ ತಳ್ಳಿ, ಲಾಗ್ ಅನ್ನು ಬರಿದುಮಾಡಿ ಸುಮ್ಮನಾಗುತ್ತದೆ. ಮತ್ತೆ ಖಾಲಿ ಲಾಗ್!

ಟೀ ಆದೇಶಕ್ಕೆ ಪೈಪ್ ಕೊಟ್ಟು ಪರದೆಗೂ ಫೈಲಿಗೂ ಒಟ್ಟಿಗೆ ಬರೆಯುವವರು ಇನ್ನೊಂದನ್ನು ಗಮನಿಸಬೇಕು: ಪೈಪಿನ ಕೊನೆಯಲ್ಲಿ ಸಿಗುವ $?, ಅಂದರೆ ಕೆಲಸ ಗೆದ್ದಿತೋ ಸೋತಿತೋ ಎಂದು ಹೇಳುವ ಅಂಕೆ, ಟೀಯದು, ನಿಮ್ಮ ಬ್ಯಾಕಪ್‌ನದಲ್ಲ. ಬ್ಯಾಶ್ ಆದರೆ ಪೈಪಿನಲ್ಲಿ ಯಾವುದು ಸೋತರೂ ತಿಳಿಸುವ ಪೈಪ್‌ಫೇಲ್ ಆಯ್ಕೆಯನ್ನು ಹಾಕಿಕೊಳ್ಳಬಹುದು. ಹಳೆಯ ಡ್ಯಾಶ್ ಅದನ್ನು ಒಪ್ಪುವುದಿಲ್ಲವಾದ್ದರಿಂದ ನಿಮ್ಮ ಯಂತ್ರದಲ್ಲಿ ಒಮ್ಮೆ ಬೇಕೆಂದೇ ತಪ್ಪು ಮಾಡಿಸಿ ನೋಡಿಕೊಳ್ಳಿ. ಆ ಕಾರ್ಖಾನೆಯಲ್ಲಿ ನಾನು ಹಾಗೆಯೇ ಡಿಸ್ಕಿನ ವೈರ್ ಕಿತ್ತು ಒಂದು ರಾತ್ರಿ ಬಿಟ್ಟಿದ್ದೆ. ಬೆಳಿಗ್ಗೆ ಏಳಕ್ಕೆ ಗುಮಾಸ್ತರ ಫೋನ್ ಬಂತು, ಲಾಗ್‌ನಲ್ಲಿ ಏನೋ ಬಂದಿದೆ ಎಂದು.